ದೆಹಲಿಯ ಮಸ್ಟಾಂಗ್, ಬೆಳಗಾವಿಯ ಹಂಪು: ಎರಡೂವರೆ ವರ್ಷ, 13,000 ಕಿ.ಮೀ. ಆದಮೇಲೆ

ಗಾಡಿ: 2017ರ ಫೋರ್ಡ್ ಮಸ್ಟಾಂಗ್ ಜಿಟಿ, 5.0 ಲೀಟರ್ ವಿ8, 6 ಗೇರಿನ ಆಟೋಮ್ಯಾಟಿಕ್, 401 ಪಿಎಸ್, 515 ಎನ್‌ಎಂ. ಕೊಟ್ಟವರು ದೆಹಲಿಯ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್. ಈಗ ಕೆಎ-22 ನಂಬರಿನಲ್ಲಿ ಬೆಳಗಾವಿಯಲ್ಲಿದೆ. ಗಾಡಿಗೆ 5ಕ್ಕೆ 4, ಡೀಲರ್‌ಗೆ 2, ದೆಹಲಿಯಿಂದ ತರಿಸುವ ಲೆಕ್ಕಾಚಾರಕ್ಕೆ 1.

ಆ ಒಂದರ ಕಥೆ ಮೊದಲು. ಅದೇ ಗಾಡಿ ದೆಹಲಿಯಲ್ಲಿ ಬೆಂಗಳೂರಿಗಿಂತ ಐದಾರು ಲಕ್ಷ ಅಗ್ಗಕ್ಕೆ ಕಂಡರೆ ಅದನ್ನು ಲಾಭ ಅಂದುಕೊಳ್ಳಬೇಡಿ, ಅದು ಕರ್ನಾಟಕಕ್ಕೆ ಇನ್ನೂ ಕಟ್ಟದ ತೆರಿಗೆ. ನಮ್ಮಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ 18%, ಸೆಸ್ ಬೇರೆ. 2016ರಲ್ಲಿ ಈ ಕಾರು ಭಾರತಕ್ಕೆ ಬಂದಾಗ ಎಕ್ಸ್-ಶೋರೂಂ ಬೆಲೆ 65 ಲಕ್ಷ. ಅದರ 18% ಅಂದರೆ 11.70 ಲಕ್ಷ. ಗಾಡಿಯ ವಯಸ್ಸು ನೋಡಿ ಕಡಿತ ಕೊಡುತ್ತಾರೆ, ಖರೆ. ಆದರೆ ಲೆಕ್ಕ ಶುರುವಾಗುವುದು ಹೊಸದರಲ್ಲಿ ಆದ ಇನ್‌ವಾಯ್ಸ್ ಬೆಲೆಯಿಂದ. ನೀವು ಅರ್ಧ ಬೆಲೆಗೆ ಕೊಂಡಿದ್ದೀರಿ ಎಂಬುದು ಆರ್‌ಟಿಒ ಟೇಬಲ್ಲಿನ ಮೇಲೆ ಲೆಕ್ಕಕ್ಕಿಲ್ಲ. ದೆಹಲಿಯಲ್ಲಿ ಮೊದಲಿನ ಮಾಲೀಕರು ಕಟ್ಟಿದ ತೆರಿಗೆಯ ಉಳಿಕೆಗೆ ಅರ್ಜಿ ಹಾಕಬಹುದು, ಆದರೆ ಆ ರೊಕ್ಕ ಕೈಗೆ ಬರುವತನಕ ಅದನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಬೇಡಿ. ಇದರ ಮೇಲೆ ಲಾರಿ ಬಾಡಿಗೆ, ಹೋಗಿ ನೋಡಿಬರುವ ಖರ್ಚು, ಹೊಸ ನಂಬರ್ ಪ್ಲೇಟು. ಕೊನೆಗೆ ಉಳಿದದ್ದು ಏನೂ ಇಲ್ಲ. ಕೆಎ ನಂಬರಿನ ಗಾಡಿಯಾದರೆ ಬೇರೆ ರಾಜ್ಯಕ್ಕೆ ಒಯ್ಯಲು ಹಳೇ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಇಲ್ಲ, ತೆರಿಗೆ ಇಲ್ಲ. ಫಾರ್ಮ್ 29, 30ರಲ್ಲಿ ಹೆಸರು ಬದಲಾವಣೆ ಅಷ್ಟೇ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಬೆಳಗಾವಿಯಲ್ಲಿ ಕೊಲ್ಹಾಪುರದ ಎಂಎಚ್-09 ಗಾಡಿಗಳು ದಿನಾ ಸಾವಿರ ಓಡಾಡುತ್ತವೆ, ಯಾರೂ ತಿರುಗಿ ನೋಡುವುದಿಲ್ಲ. ಡಿಎಲ್ ನಂಬರಿನ ಮಸ್ಟಾಂಗ್ ಚೆನ್ನಮ್ಮ ಸರ್ಕಲ್ಲಿನಲ್ಲಿ ನಿಂತರೆ ಹಾಗಲ್ಲ.

ಡೀಲರ್ ವಿಷಯ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳಿಗೆ ಆರ್‌ಟಿಒ ಅಧಿಕಾರ ಪತ್ರ ಬೇಕು, ಅದು ಫಾರ್ಮ್ 29ಬಿ. ಗಾಡಿ ಮಾಲೀಕರಿಂದ ಡೀಲರ್ ಕೈಗೆ ಬಂದಾಗ 29ಸಿ ಹಾಕಬೇಕು. ಆಮೇಲೆ ಕಾನೂನಿನ ಕಣ್ಣಿಗೆ ಡೀಲರ್ರೇ ಮಾಲೀಕ, ಎನ್‌ಒಸಿಗೂ ಅವರೇ ಅರ್ಜಿ ಹಾಕಬಹುದು. ಮುಂಗಡ ಕೊಡುವ ಮೊದಲು ಈ ಎರಡು ಕಾಗದ ಕೇಳಿ. ನಮ್ಮ ಡೀಲರ್ ಬಳಿ 29ಬಿ ಇತ್ತು, 29ಸಿ ಹಾಕಿರಲಿಲ್ಲ. ಹಳೇ ಮಾಲೀಕರ ಸಹಿಗಾಗಿ ಎನ್‌ಒಸಿ 11 ವಾರ ತಡವಾಯಿತು. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪಾಥಿಕೇಶನ್ (ಬ್ಯಾಂಕಿನ ಅಡಮಾನದ ನಮೂದು) ಹಾಗೇ ಉಳಿದಿರುವ ಗಾಡಿ ಬಹಳ ಇವೆ. ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರವಿಲ್ಲದೆ ಮುಂದಕ್ಕೆ ಹೋಗಬೇಡಿ. ಬಾಕಿ ಚಲನ್ ಇದ್ದರೂ ಎನ್‌ಒಸಿ ನಿಲ್ಲುತ್ತದೆ. ಇವು ಮುಗಿಯುವತನಕ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಮಾತನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ.

ಬಿಲ್ಲಿನಲ್ಲಿ ಎರಡು ಸಾಲು ನೋಡಿ. 10 ಲಕ್ಷ ಮೀರಿದ ಗಾಡಿಗೆ 1% ಟಿಸಿಎಸ್ (ಮಾರುವವರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿ ರಿಟರ್ನ್‌ನಲ್ಲಿ ಸಿಗುತ್ತದೆ. ಜಿಎಸ್‌ಟಿ 18% ಡೀಲರ್‌ನ ಮಾರ್ಜಿನ್ ಮೇಲೆ ಮಾತ್ರ. ಪೂರಾ ಬೆಲೆಯ ಮೇಲೆ ಕೇಳಿದರೆ ಎದ್ದು ಬನ್ನಿ. ‘ಸ್ವಲ್ಪ ಕ್ಯಾಶ್ ಕೊಡಿ’ ಎಂಬ ಮಾತಿಗೂ ಅಷ್ಟೇ: 2 ಲಕ್ಷ ಅಥವಾ ಮೇಲೆ ನಗದು ತೆಗೆದುಕೊಳ್ಳುವುದೇ ಕಾನೂನುಬಾಹಿರ.

ಪರೀಕ್ಷೆಗೆ ಸ್ವತಃ ಹೋಗಬೇಕು, ಇಲ್ಲವೇ ಆ ಊರಿನ ಗೊತ್ತಿರುವ ಮಿಸ್ತ್ರಿಯನ್ನು ಕಳಿಸಬೇಕು. ವಿಡಿಯೊ ಕಾಲ್‌ನಲ್ಲಿ ಎಲ್ಲ ವಿ8ಗಳೂ ಚಲೋ ಗುಡುಗುತ್ತವೆ. ಪೇಂಟ್ ದಪ್ಪ ಅಳೆಯುವ ಮೀಟರ್ ಒಯ್ದರೆ ಒಂದು ಎಚ್ಚರ: ಈ ಕಾರಿನ ಬಾನೆಟ್ ಮತ್ತು ಮುಂದಿನ ಎರಡು ಫೆಂಡರ್ ಅಲ್ಯುಮಿನಿಯಂ. ಕಬ್ಬಿಣವನ್ನಷ್ಟೇ ಓದುವ ಅಗ್ಗದ ಮೀಟರ್ ಅಲ್ಲಿ ಏನೂ ತೋರಿಸದು, ಮ್ಯಾಗ್ನೆಟ್ಟೂ ಅಂಟದು. ಅದನ್ನು ನೋಡಿ ಪುಟ್ಟಿ ತುಂಬಿದ್ದಾರೆ ಎಂದು ಗಾಬರಿ ಬೀಳುವವರಿದ್ದಾರೆ. ಎರಡೂ ಲೋಹ ಓದುವ ಮೀಟರಿನಲ್ಲಿ 90ರಿಂದ 150 ಮೈಕ್ರಾನ್ ಬಂದರೆ ಕಂಪನಿ ಪೇಂಟ್. 200 ದಾಟಿದರೆ ಮತ್ತೆ ಬಳಿದದ್ದು, 400 ದಾಟಿದರೆ ಪುಟ್ಟಿ. ಬಾನೆಟ್ಟಿನ ಮುಂದಿನ ಅಂಚಿನ ಮಡಿಕೆಯ ಒಳಬದಿಗೆ ಬೆರಳು ಆಡಿಸಿ. ಅಲ್ಲಿ ಪೇಂಟ್ ಗುಳ್ಳೆ ಎದ್ದಿದ್ದರೆ ಅಲ್ಯುಮಿನಿಯಂ ಸವೆತ, ಫೋರ್ಡ್‌ನ ಹಳೇ ರೋಗ.

ಚಾಸಿ ನಂಬರಿನ 10ನೇ ಅಕ್ಷರ ಮಾಡೆಲ್ ವರ್ಷ: ಜಿ ಅಂದರೆ 2016, ಎಚ್ ಅಂದರೆ 2017. 11ನೆಯದು 5 ಇದ್ದರೆ ಮಿಶಿಗನ್‌ನ ಫ್ಲ್ಯಾಟ್ ರಾಕ್ ಕಾರ್ಖಾನೆ, ಅದೇ ಸರಿ. ಕಿಲೋಮೀಟರ್ ಸುಳ್ಳು ಹಿಡಿಯಲು ಫೋರ್‌ಸ್ಕ್ಯಾನ್ ಸಾಫ್ಟ್‌ವೇರ್, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಒಂದು ಒಬಿಡಿ ಅಡಾಪ್ಟರ್ ಸಾಕು. ಹಳೆಯ ಫಾಲ್ಟ್ ಕೋಡ್‌ಗಳ ಜತೆ ಆಗಿನ ಒಟ್ಟು ದೂರವೂ ಕೆಲವು ಕಡೆ ದಾಖಲಾಗಿರುತ್ತದೆ. ಮೀಟರ್ 22,000 ತೋರಿಸಿ ಕೋಡ್ 41,000ದಲ್ಲಿ ಬಂದಿದ್ದರೆ ಮಾತು ಮುಗಿಯಿತು. ಎಲ್ಲ ಕೋಡ್ ಅಳಿಸಿ ಗಾಡಿ ತೋರಿಸಿದರೆ ಅದೂ ಒಂದು ಉತ್ತರವೇ. ಕೀಲಿ ಎರಡು ಕೇಳಿ: ಸ್ಕ್ಯಾನರ್ ಇಲ್ಲದೆ ಮೂರನೆಯದನ್ನು ಕಲಿಸಲು ಈಗಾಗಲೇ ಕಲಿತ ಎರಡು ಕೀಲಿ ಬೇಕು. ನಮಗೆ ಬಂದದ್ದು ಒಂದೇ.

ಎಸಿಯನ್ನು 20 ನಿಮಿಷ ಓಡಿಸಿ ನೋಡಿ. ಈ ತಲೆಮಾರಿನ ಮೊದಲ ವರ್ಷಗಳ ಗಾಡಿಗಳಲ್ಲಿ ಇವಾಪರೇಟರ್ (ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಸೋರುವುದು ಉಂಟು. ಬಿಡಿಭಾಗ ದೊಡ್ಡ ಮಾತಲ್ಲ, ಅದನ್ನು ಮುಟ್ಟಲು ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಕೂಲಿಯೇ ಹೆಚ್ಚು, ಮತ್ತೆ ಕೂಡಿಸಿದ ಮೇಲೆ ಕಟಕಟ ಸದ್ದು ಉಚಿತ. ‘ಗ್ಯಾಸ್ ತುಂಬಿಸಿದರೆ ಸಾಕು’ ಎನ್ನುವವರನ್ನು ನಂಬಬೇಡಿ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2317 ಅಂದರೆ 2017ರ 23ನೇ ವಾರ. ನಮ್ಮ ಗಾಡಿಯ ಟೈರು ಫೋಟೊದಲ್ಲಿ ಹೊಸದರಂತೆ ಹೊಳೆಯುತ್ತಿದ್ದವು, ಗೀರುಗಳ ಆಳವೂ ಇತ್ತು, ರಬ್ಬರ್ ಮಾತ್ರ ಆರು ವರ್ಷದ್ದು. 515 ಎನ್‌ಎಂ ಹಿಂದಿನ ಗಾಲಿಗೆ ಹೋಗುವ ಗಾಡಿಯಲ್ಲಿ ಬೆಳಗಾವಿಯ ಜುಲೈ ಮಳೆಗೆ ಇಂಥ ಟೈರು ಜೀವಕ್ಕೇ ಸಂಚಕಾರ. ನಾಲ್ಕೂ ಬದಲಿಸುವ ರೊಕ್ಕವನ್ನು ಬೆಲೆಯಲ್ಲೇ ಮುರಿಸಿಕೊಳ್ಳಿ. ಮಳೆಯಲ್ಲಿ ಸ್ನೋ/ವೆಟ್ ಮೋಡ್ ಹಾಕುವುದು ಹೇಡಿತನ ಅಲ್ಲ.

ಸಾಗಣೆಗೆ ಮುಚ್ಚಿದ ಕಂಟೇನರ್ ಒಳ್ಳೆಯದು. ಆದರೆ ಇಳಿಸುವ ಹಲಗೆ ಕಡಿದಾಗಿದ್ದರೆ ಮುಂದಿನ ಬಂಪರ್ ಕೆಳತುಟಿ ಮೊದಲು ಸಿಗುತ್ತದೆ. ಉದ್ದದ ಎರಡು ಮರದ ಹಲಗೆ ಹೆಚ್ಚುವರಿ ಇಡಲು ಮೊದಲೇ ಹೇಳಿ, ಬೆಲ್ಟ್ ಗಾಲಿಗೆ ಕಟ್ಟಬೇಕು, ಸಸ್ಪೆನ್ಶನ್ ತೋಳಿಗಲ್ಲ. ದೊಡ್ಡ ಲಾರಿ ಊರೊಳಗೆ ಬರುವುದಿಲ್ಲ, ಹೈವೇ ಪಕ್ಕದಲ್ಲೇ ಇಳಿಸಿಕೊಳ್ಳಬೇಕು. ಹಗಲಲ್ಲೇ ಇಳಿಸಿ, ಸುತ್ತ ವಿಡಿಯೊ ಮಾಡಿ ಆಮೇಲೆ ಸಹಿ.

ಆರ್‌ಟಿಒದಲ್ಲಿ ಎನ್‌ಒಸಿ, ಫಾರ್ಮ್ 27, 29, 30, 33, ಮೊದಲ ಇನ್‌ವಾಯ್ಸ್, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಇನ್ಶೂರೆನ್ಸ್, ಪಿಯುಸಿ. ಹಳೇ ಮಾಲೀಕರ ನೋ-ಕ್ಲೇಮ್ ಬೋನಸ್ ಗಾಡಿ ಜತೆ ಬರುವುದಿಲ್ಲ, ಅದು ಅವರದೇ. ಈ ವಯಸ್ಸಿನ ಗಾಡಿಗೆ ಝೀರೊ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ವಿಮೆ) ಕೊಡುವ ಕಂಪನಿ ಹುಡುಕುವುದೇ ಒಂದು ಕೆಲಸ.

ಇನ್ನು ಬಾಳುವೆ. ಎಂಜಿನ್ ಬಗ್ಗೆ ದೂರಿಲ್ಲ. 2017ರತನಕದ 5.0ರಲ್ಲಿ ಪೆಟ್ರೋಲ್ ವಾಲ್ವ್‌ಗಳ ಹಿಂದಿನಿಂದಲೇ ಸಿಂಪಡಿಸುವುದರಿಂದ ಅವು ತೊಳೆದಂತೆ ಇರುತ್ತವೆ, ಇಂಗಾಲ ಕಟ್ಟುವ ಗೋಳಿಲ್ಲ. ಆಯಿಲ್ 7.6 ಲೀಟರ್, 5ಡಬ್ಲ್ಯು-20, ಫಿಲ್ಟರ್ ಎಫ್‌ಎಲ್-500ಎಸ್. ‘ನಾಲ್ಕು ಲೀಟರ್ ಡಬ್ಬಿ ಒಂದು ತನ್ನಿ’ ಎಂದ ಗ್ಯಾರೇಜಿಗೆ ಕೈಮುಗಿಯಿರಿ. ಗಾಲಿ ನಟ್ 204 ಎನ್‌ಎಂ, ಟಾರ್ಕ್ ರೆಂಚ್ ಇಲ್ಲದ ಪಂಕ್ಚರ್ ಅಂಗಡಿಯಲ್ಲಿ ಬಿಗಿದದ್ದನ್ನು ಮನೆಗೆ ಬಂದು ನೋಡಿ. ಮೈಲೇಜು ಊರೊಳಗೆ 4ರಿಂದ 5, ಪುಣೆ ಹೈವೇಯಲ್ಲಿ ಸಮಾಧಾನದಿಂದ ಹೋದರೆ 8ರಿಂದ 9. ಈ ಎಂಜಿನ್ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗಾಗಿ ಮಾಡಿದ್ದಲ್ಲ. ಎಥನಾಲ್ ಇಲ್ಲದ 100 ಆಕ್ಟೇನ್ ಎಲ್ಲಿ ಸಿಗುತ್ತದೋ ಅಲ್ಲಿ ತುಂಬಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಅದೇ ಪೆಟ್ರೋಲ್ ಇರಲಿ. ಬ್ಯಾಟರಿಗೆ ಮೆಂಟೇನರ್ ಹಚ್ಚಿಡಿ.

ಕಾಡುವುದು ಎತ್ತರ. ನೆಲದಿಂದ 137 ಮಿ.ಮೀ., ಉದ್ದ 4.78 ಮೀಟರ್. ಬಡಾವಣೆಗಳೊಳಗಿನ ಮನೆಗೊಂದು ಹಂಪನ್ನು ಓರೆಯಾಗಿ, ಒಂದೊಂದೇ ಗಾಲಿ ಏರಿಸಿ ದಾಟಬೇಕು. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಅದೂ ಸಾಲದು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಎರಡು ಸಲ ಹರಿಯಿತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ಗಾಡಿ ಎತ್ತರಿಸಲು 20 ಮಿ.ಮೀ. ಸ್ಪ್ರಿಂಗ್ ಸ್ಪೇಸರ್ ತಿರುವಿಸಿಕೊಳ್ಳುವ ಆಸೆ ಬರುತ್ತದೆ, ಅಲ್ಲಿಯ ಲೇತ್ ಕೆಲಸವೂ ನಾಜೂಕು. ಬೇಡ: ಕ್ಯಾಂಬರ್ (ಗಾಲಿಯ ಓರೆ) ಕೆಡುತ್ತದೆ, ಹಿಂದಿನ ಡ್ರೈವ್‌ಶಾಫ್ಟಿನ ಕೋನ ಬದಲಾಗುತ್ತದೆ, ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ. ಉದ್ಯಮಬಾಗಿಗೆ ಬೇರೆ ಕೆಲಸ ಕೊಡಿ: ಹರಿದ ಹೊದಿಕೆಯ ಅಳತೆಗೆ 3 ಮಿ.ಮೀ. ಅಲ್ಯುಮಿನಿಯಂ ತಗಡು, ಆಯಿಲ್ ಡ್ರೈನ್ ನಟ್ ಇರುವಲ್ಲಿ ಕಿಂಡಿ, ಗಾಳಿಗೆ ಸೀಳು. ಕಿಂಡಿ ಬಿಡದೆ ಮಾಡಿಸಿದರೆ ಪ್ರತಿ ಸರ್ವಿಸಿಗೂ ಪೂರಾ ತಗಡು ಬಿಚ್ಚಬೇಕಾಗುತ್ತದೆ.

ಫೋರ್ಡ್ ಭಾರತದಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು, 2022ರಲ್ಲಿ ಪೂರಾ ನಿಲ್ಲಿಸಿತು. ಮಸ್ಟಾಂಗ್ ಮೊದಲಿನಿಂದಲೂ ಪೂರಾ ಆಮದು, ಹಾಗಾಗಿ ಬಿಡಿಭಾಗದ ದಾರಿ ಹೊಸದಾಗಿ ಕೆಟ್ಟಿಲ್ಲ, ಮೊದಲೂ ಉದ್ದವೇ ಇತ್ತು. ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ಒಂದೊಂದು ಸೆಟ್ ಮನೆಯಲ್ಲಿರಲಿ. ಕಸ್ಟಮ್ಸ್ ಸುಂಕ ಸೇರಿ ಯಾವ ಬೆಲೆಗೆ ಬೀಳುತ್ತದೆ ಎಂದು ಆರ್ಡರ್ ಮಾಡುವ ಮೊದಲೇ ಕೇಳಿ. ಪ್ಯಾಡ್ 3 ಮಿ.ಮೀ.ಗೆ ಇಳಿದ ದಿನ ಹುಡುಕಲು ಶುರು ಮಾಡಿದರೆ ಗಾಡಿ ತಿಂಗಳು ಶೆಡ್ಡಿನಲ್ಲೇ.