ಕಾಲ ಕೆಳಗೆ ಕುಡಿಯೋ ನೀರು: ಸಿಯಾಟಲ್‌ನ ಕ್ಯಾಲ್ ಆಂಡರ್ಸನ್ ಪಾರ್ಕ್

ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಬಂದು ಮೂರು ವಾರ ಆಯಿತು. ದಿನಾ ಸಂಜೆ ವಾಕಿಂಗ್ ಇದೇ ಪಾರ್ಕ್‌ನಲ್ಲಿ. ಕ್ಯಾಪಿಟಲ್ ಹಿಲ್ ರೈಲು ಸ್ಟೇಷನ್‌ನ ಪಕ್ಕದಲ್ಲೇ ಇದೆ. ಮೊದಲ ದಿನ ಹುಲ್ಲಿನ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದೆ. ಅಳಿಯ ನಗುತ್ತಾ ಹೇಳಿದರು, "ಅತ್ತೆ, ನೀವು ಕೂತಿರೋದು ಊರಿನ ನೀರಿನ ಟ್ಯಾಂಕ್ ಮೇಲೆ!"

1889ರಲ್ಲಿ ಸಿಯಾಟಲ್‌ಗೆ ದೊಡ್ಡ ಬೆಂಕಿ ಬಿತ್ತು. ಆರಿಸಲು ನೀರು ಸಾಲಲಿಲ್ಲ. ಆಮೇಲೆ ಇಲ್ಲಿ ತೆರೆದ ಜಲಾಶಯ ಕಟ್ಟಿದರು. ಬಯಲಲ್ಲಿರುವ ನೀರಿಗೆ ಹಕ್ಕಿ ಹಿಕ್ಕೆ, ಕಸ ಎಲ್ಲಾ ಬೀಳುತ್ತದಲ್ವಾ? ಅದಕ್ಕೇ ನೆಲದೊಳಗೆ ಹೊಸದು ಕಟ್ಟಿ, ಮೇಲೆ ಹುಲ್ಲು ಬೆಳೆಸಿ, 2005ರಲ್ಲಿ ಪಾರ್ಕ್ ತೆರೆದರು. ಜಲಾಶಯದ ನೀರನ್ನು ನಿಯಂತ್ರಿಸುತ್ತಿದ್ದ ಹಳೆಯ ಪುಟ್ಟ ಕಟ್ಟಡ, ಗೇಟ್‌ಹೌಸ್ ಮಾತ್ರ ಹಾಗೇ ಉಳಿಸಿಕೊಂಡಿದ್ದಾರೆ.

ನನಗೆ ಜಾಸ್ತಿ ಇಷ್ಟವಾದದ್ದು ಗುಡ್ಡದಂಥ ಕಲ್ಲಿನ ಕಾರಂಜಿ. ನೀರು ಸುಮ್ನೆ ಅದರ ಮೈಮೇಲೆ ಜಾರುತ್ತಾ ಇಳಿದು, ಕೊನೆಗೆ ಕನ್ನಡಿಯಂಥ ಕೊಳ ಸೇರುತ್ತದೆ. ಅಲ್ಲೇ ಅರ್ಧ ಗಂಟೆ ಕೂತುಬಿಡುತ್ತೇನೆ.

ಆದರೂ ಒಂದು ಮಾತು. ಬೆಂಗಳೂರಿನ ಸ್ಯಾಂಕಿ ಕೆರೆ ಸುತ್ತಿ ರೂಢಿಯಾದ ನನಗೆ ಅಷ್ಟೊಂದು ನೀರು ಕಣ್ಣಿಗೆ ಕಾಣದಿರುವುದು ಸ್ವಲ್ಪ ಬೇಜಾರೇ. ಕೊಳ ಚಿಕ್ಕದಾಯಿತು.

ಜೂನ್‌ನಲ್ಲಿ ಬನ್ನಿ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಸ್ವೆಟರ್ ಮಾತ್ರ ಮರೆಯಬೇಡಿ.