ನುಬಾಯಾ ಗಾರ್ಸಿಯಾ ಅವರ 'ಸೋರ್ಸ್': ಕಿವಿ ಇಡಬೇಕಾದದ್ದು ಬೇಸ್‌ಗೆ

ಲಂಡನ್ನಿನ ಟೆನರ್ ಸ್ಯಾಕ್ಸೋಫೋನ್ ವಾದಕಿ ನುಬಾಯಾ ಗಾರ್ಸಿಯಾ ಅವರ ಮೊದಲ ಪೂರ್ಣ ಆಲ್ಬಂ 'ಸೋರ್ಸ್' 2020ರ ಆಗಸ್ಟ್‌ನಲ್ಲಿ ಕಾನ್‌ಕಾರ್ಡ್ ಜಾಝ್ ಎಂಬ ರೆಕಾರ್ಡ್ ಸಂಸ್ಥೆಯಿಂದ ಬಂತು. ಒಂಬತ್ತು ಟ್ರ್ಯಾಕ್, ಹೆಚ್ಚುಕಡಿಮೆ ಒಂದು ಗಂಟೆ. ವಿಮರ್ಶಕರು ಮನಸಾರೆ ಮೆಚ್ಚಿದರು. ಮರುವರ್ಷ ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. ಪ್ರಶಸ್ತಿ ಆರ್ಲೋ ಪಾರ್ಕ್ಸ್ ಪಾಲಾಯಿತು. ಸ್ಯಾಕ್ಸೋಫೋನಿಗೆ ಸಂದ ಹೊಗಳಿಕೆಯೆಲ್ಲ ನ್ಯಾಯವೇ. ಆದರೆ ಇಡೀ ಆಲ್ಬಂ ನಿಂತಿರುವುದು ಡೇನಿಯಲ್ ಕ್ಯಾಸಿಮಿರ್ ಅವರ ಡಬಲ್ ಬೇಸ್ (ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ) ಮತ್ತು ಸ್ಯಾಮ್ ಜೋನ್ಸ್ ಅವರ ಡ್ರಮ್ಸ್ ಮೇಲೆ.

ಹಾಗಾಗಿ ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ. ಡಬಲ್ ಬೇಸಿನ ಅತಿ ತಗ್ಗಿನ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಆ ಪುಟ್ಟ ಸ್ಪೀಕರಿನಿಂದ ಅಂಥ ನಾದ ಹೊರಡದು. ಸ್ಯಾಕ್ಸ್ ಮತ್ತು ಸಿಂಬಲ್ ಮಾತ್ರ ಉಳಿದು, ಎಲ್ಲ ಟ್ರ್ಯಾಕ್ ಒಂದೇ ಥರ ಅನಿಸುತ್ತದೆ. ಕಿವಿಯಲ್ಲಿ ಬಿಗಿಯಾಗಿ ಕೂರುವ ಸಾಧಾರಣ ಇಯರ್‌ಫೋನ್ ಸಾಕು. ತಗ್ಗಿನ ನಾದವನ್ನು ಹೆಚ್ಚಿಸುವ 'ಬೇಸ್ ಬೂಸ್ಟ್' ಬೇಡ: ತಂತಿಯ ಮೀಟು ಮಸುಕಾಗಿ ಬರೀ ಗುಂಯ್‌ಗುಡುತ್ತದೆ.

ಕದ್ರಿ ಗೋಪಾಲನಾಥರ ಆಲ್ಟೊ ಸ್ಯಾಕ್ಸೋಫೋನಿಗೆ (ಟೆನರಿಗಿಂತ ಚಿಕ್ಕದು, ಸ್ವರ ಮೇಲಿನದು) ಪಳಗಿದ ನಮ್ಮ ಕಿವಿಗೆ ಟೆನರ್ ಮೊದಮೊದಲು ಭಾರ ಅನಿಸಬಹುದು. ಆಲ್ಟೊದಲ್ಲಿ ಷಡ್ಜ ಹೊರಡಿಸುವ ಬೆರಳಿನ ಹಿಡಿತವೇ ಟೆನರಿನಲ್ಲಿ ಮಂದ್ರ ಪಂಚಮ ಕೊಡುತ್ತದೆ.

ಆಲ್ಬಮ್ಮಿನ ಜೀವಾಳ ಮೂರನೆಯ ಟ್ರ್ಯಾಕ್, 'ಸೋರ್ಸ್'. ಸುಮಾರು ಹನ್ನೆರಡು ನಿಮಿಷ, ಜಮೈಕಾದ ರೆಗೆ ಮತ್ತು ಅದರಿಂದ ಹುಟ್ಟಿದ ಡಬ್ ಸಂಗೀತದ ನಡೆ. ರೆಗೆಯ ಒನ್ ಡ್ರಾಪ್ ಲಯದಲ್ಲಿ ನಾಲ್ಕರ ಎಣಿಕೆಯಲ್ಲಿ ಒಂದನ್ನು ಖಾಲಿ ಬಿಟ್ಟು ಡ್ರಮ್ಮಿನ ಪೆಟ್ಟು ಮೂರಕ್ಕೆ ಬೀಳುತ್ತದೆ. ಸಮಕ್ಕೆ ಕಾಯುವವರು ಇಲ್ಲಿ ತಪ್ಪುತ್ತಾರೆ; ಸಮದ ನಂತರ ಶುರುವಾಗುವ ಅನಾಗತ ಎಡುಪಿನ ಕೃತಿಗೆ ತಾಳ ಹಾಕಿ ಬಲ್ಲವರಿಗೆ ಬೇಗ ಹಿಡಿತ ಸಿಗುತ್ತದೆ. ಮೊದಲ ಸಲ ಬೇಸನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಜೋ ಆರ್ಮನ್-ಜೋನ್ಸ್ ಅವರ ಕೀಬೋರ್ಡನ್ನು. ಸ್ಯಾಕ್ಸ್ ಆಮೇಲೆ ತಾನಾಗಿ ಕೇಳಿಸುತ್ತದೆ. ಇಷ್ಟು ಉದ್ದದ ಟ್ರ್ಯಾಕಿನಲ್ಲಿ ಅವಸರವೇ ಇಲ್ಲದಿರುವುದು ಚೊಚ್ಚಲ ಆಲ್ಬಮ್ಮಿಗೆ ದೊಡ್ಡ ಧೈರ್ಯ.

ಷಫಲ್ ಆಫ್ ಮಾಡಿ, ಒಂದು ಟ್ರ್ಯಾಕನ್ನು ಮುಂದಿನದಕ್ಕೆ ಬೆರೆಸುವ ಕ್ರಾಸ್‌ಫೇಡ್ ಕೂಡ. ಏಳನೆಯದು ಕೊಲಂಬಿಯಾದ 'ಲಾ ಪೆರ್ಲಾ' ಮಹಿಳಾ ತಂಡದ ಜತೆಗಿನ ಕುಂಬಿಯಾ, ಅಂದರೆ ಆ ದೇಶದ ಜನಪದ ಕುಣಿತದ ಸಂಗೀತ. ತಾಳವಾದ್ಯ ಮತ್ತು ಹಾಡಿಕೆಯೇ ಅದರಲ್ಲಿ ಮುಂದು. ಬಿಡಿಯಾಗಿ ಕೇಳಿದರೆ ಬೇರೆ ಯಾರದೋ ಆಲ್ಬಮ್ಮಿನದು ಅನಿಸುತ್ತದೆ. ಎಂಟನೆಯ 'ಬಿಫೋರ್ ಅಸ್: ಇನ್ ಡೆಮೆರಾರಾ ಅಂಡ್ ಕೌರಾ' ಬಂದಾಗ ಕೊಂಡಿ ಬೆಸೆಯುತ್ತದೆ. ಡೆಮೆರಾರಾ ಇರುವುದು ಗಯಾನಾದಲ್ಲಿ, ಕೌರಾ ಟ್ರಿನಿಡಾಡ್‌ನಲ್ಲಿ. ಒಂದು ಗಾರ್ಸಿಯಾ ಅವರ ತಾಯಿಯ ನಾಡು, ಇನ್ನೊಂದು ತಂದೆಯದು. ಕುಂಬಿಯಾ ಹುಟ್ಟಿದ್ದೂ ಅದೇ ಕೆರಿಬಿಯನ್ ಕಡಲ ಅಂಚಿನಲ್ಲಿ. ಬೆರಕೆ ಸಂಗೀತ ಎಂದು ಕರೆದು ಮುಗಿಸಿದ ವಿಮರ್ಶೆಗಳು ಈ ನಂಟಿನ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು.

ಕೊರತೆಯೂ ಇದೆ. 'ಇನ್ನರ್ ಗೇಮ್' ಚುರುಕಾಗಿದ್ದರೂ ಮನಸ್ಸಿನಲ್ಲಿ ನಿಲ್ಲದು. ಕೊನೆಯ 'ಬೌಂಡ್‌ಲೆಸ್ ಬೀಯಿಂಗ್ಸ್'ನಲ್ಲಿ ಶಿಕಾಗೋದ ಗಾಯಕಿ ಅಕೆನ್ಯಾ ಅವರ ದನಿ ಹದಕ್ಕೆ ಬರುವಷ್ಟರಲ್ಲಿ ಆಲ್ಬಮ್ಮೇ ಮುಗಿದಿರುತ್ತದೆ.

ಹುಡುಕುವಾಗ ಒಂದು ಎಚ್ಚರಿಕೆ: 2021ರಲ್ಲಿ ಇದರ ರೀಮಿಕ್ಸ್‌ಗಳು 'ಸೋರ್ಸ್' ಹೆಸರಿನ ಜತೆಗೆ 'ವಿ ಮೂವ್' ಎಂದು ಸೇರಿಸಿಕೊಂಡು ಬಂದಿವೆ. ಮೊದಲು ಕೇಳಬೇಕಾದದ್ದು ಅದಲ್ಲ, 2020ರದ್ದು.