ಕಪ್ಪೆಚಿಪ್ಪಿನ ಗ್ರಿಟ್, 1 ಕಿಲೋ: ಐದಕ್ಕೆ ಮೂರೂವರೆ ಅಂಕ

"ಅಮ್ಮಾ, ಮೊಟ್ಟೆಗೆ ಯಾರು ಉಪ್ಪು ಹಾಕಿದ್ದು?" ಅಂತ ಮಗಳು ಕೇಳಿದ ಮೇಲೆಯೇ ನಾನು ಸರಿಯಾಗಿ ನೋಡಿದ್ದು. ತಿಳಿ ಕಂದು ಸಿಪ್ಪೆಯ ಮೊಂಡು ತುದಿಯಲ್ಲಿ ಉಪ್ಪು ಉದುರಿಸಿದ ಹಾಗೆ ಬಿಳಿ ಕಾಳುಗಳು. ಉಗುರಿನಿಂದ ಕೆರೆದೆ. ಒಂದು ಕಾಳು ಟಕ್ ಅಂತ ಎದ್ದು ಬಂತು, ಆ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿ.

ನಮ್ಮದು ತಿಪಟೂರಿನ ಹತ್ತಿರ ತೋಟದ ಮನೆ. ಎಂಟು ಸ್ವರ್ಣಧಾರಾ ಹ್ಯಾಟೆ, ಒಂದು ಹುಂಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ, ಹಿತ್ತಲಿಗೆ ಚೆನ್ನಾಗಿ ಒಗ್ಗುತ್ತದೆ. ಆರನೇ ತಿಂಗಳಿಗೆ ಮೊಟ್ಟೆ ಶುರುವಾಯಿತು. ಮೊದಲ ಎರಡು ವಾರ ದಿನಕ್ಕೊಂದು ಅವತಾರ. ಒಂದು ನಿಂಬೆಹಣ್ಣಿನಷ್ಟು, ಒಂದು ಉದ್ದ ಮೂತಿಯದು, ಒಂದರೊಳಗೆ ಎರಡು ಹಳದಿ. ಒಂದು ಬೆಳಿಗ್ಗೆ ಗೂಡಿನಲ್ಲಿ ಸಿಪ್ಪೆಯೇ ಇಲ್ಲದ್ದು ಸಿಕ್ಕಿತು. ಬರೀ ಪೊರೆ. ಅಂಗೈ ಮೇಲಿಟ್ಟರೆ ನೀರು ತುಂಬಿದ ಬಲೂನಿನ ಹಾಗೆ ಅಗಲವಾಗಿ ಕೂತುಬಿಟ್ಟಿತು.

"ಎಳೇ ಕೋಳಿ ಕಣಮ್ಮ, ಮೊದಮೊದಲು ಹಂಗೇ ಇಕ್ತವೆ" ಅಂದರು ಅತ್ತೆ. ಅವರ ಮಾತು ಅರ್ಧ ಸರಿ. ಹೊಸದಾಗಿ ಮೊಟ್ಟೆಗೆ ಬಂದ ಕೋಳಿಗೆ ಹದ ಸಿಗಲು ಕೆಲವು ವಾರ ಬೇಕು. ಉಳಿದರ್ಧ ತಪ್ಪು ನನ್ನದೇ. ಬರೀ ರಾಗಿ, ನುಚ್ಚಕ್ಕಿ ಹಾಕುತ್ತಿದ್ದೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ, ಸಾಕು ಅನ್ನುವ ಧೈರ್ಯ. ಲೆಕ್ಕ ಹಾಕಿದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಒಂದು ಮೊಟ್ಟೆಯ ಸಿಪ್ಪೆಗೇ 2 ಗ್ರಾಂ ಹತ್ತಿರ ಬೇಕು. ಅಂದರೆ ಹ್ಯಾಟೆ ಅರ್ಧ ಕಿಲೋಗಿಂತ ಜಾಸ್ತಿ ರಾಗಿ ನುಂಗಬೇಕು!

ಪೇಟೆಯ ಅಂಗಡಿಯಲ್ಲಿ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಯ ಮೇವು) ಕೇಳಿದರೆ ಗ್ರೋಯರ್ (ಬೆಳೆಯುವ ಕೋಳಿಯದು) ಕಟ್ಟಿ ಕಳಿಸಿದರು. ಚೀಲದ ಚೀಟಿ ನೋಡಿದ್ದು ಮನೆಗೆ ಬಂದ ಮೇಲೆ: ಕ್ಯಾಲ್ಸಿಯಂ 1%. ಲೇಯರ್‌ನಲ್ಲಿ 3.5ರ ಮೇಲಿರಬೇಕು. ಮತ್ತೆ ಹೋಗಿ ಬದಲಾಯಿಸಿದೆ. ಆಗ ತಂದದ್ದೇ ಈ ಗ್ರಿಟ್, ಅಂದರೆ ಸಿಪ್ಪೆಗೆ ಕ್ಯಾಲ್ಸಿಯಂ ಸಿಗಲಿ ಅಂತ ಕೋಳಿಗೆ ಕೊಡುವ ಕಪ್ಪೆಚಿಪ್ಪಿನ ಚೂರು. ಕಿಲೋಗೆ 40 ರೂಪಾಯಿ ಕೊಟ್ಟೆ.

ಮಾಲು ಅಸಲಿ. ಚಮಚದಷ್ಟು ತೆಗೆದು ನಿಂಬೆರಸ ಹಿಂಡಿದೆ, ಬುರುಬುರು ನೊರೆ ಬಂತು. ಮರಳು ಬೆರೆಸಿದ್ದರೆ ಆ ಕಾಳುಗಳು ಸುಮ್ನೆ ಕೂತಿರುತ್ತಿದ್ದವು. ತುಂಡುಗಳು ಒಡೆದ ಗೋಧಿಯಷ್ಟು ದಪ್ಪ ಇವೆ, ಬೇಕಾದದ್ದೂ ಅದೇ. ಸಿಪ್ಪೆ ಕಟ್ಟಲು 20 ಗಂಟೆ ಹಿಡಿಯುತ್ತದೆ, ಜಾಸ್ತಿ ಕೆಲಸ ನಡೆಯುವುದು ಕೋಳಿ ಏನೂ ತಿನ್ನದ ರಾತ್ರಿಯಲ್ಲಿ. ದಪ್ಪ ತುಂಡಾದರೆ ಹೊಟ್ಟೆಯಲ್ಲಿ ಉಳಿದು ನಿಧಾನವಾಗಿ ಕರಗುತ್ತದೆ. ಪುಡಿ ಬೇಗ ಸಾಗಿಹೋಗುತ್ತದೆ. ಅದಕ್ಕೇ ಸಂಜೆ ಐದಕ್ಕೆ ತೆಂಗಿನ ಕರಟದಲ್ಲಿ ಬೇರೆಯಾಗಿ ಇಡುತ್ತೇನೆ. ಮೊಟ್ಟೆ ಇಡುವ ಹ್ಯಾಟೆಗಳು ನೇರ ಕರಟಕ್ಕೆ ಬಂದು ಕುಟುಕುತ್ತವೆ. ಹುಂಜ ಒಂದು ಕಣ್ಣಿನಿಂದ ಓರೆಯಾಗಿ ನೋಡಿ, ತನಗೆ ಸಂಬಂಧವಿಲ್ಲ ಅನ್ನುವ ಹಾಗೆ ಹೊರಟುಹೋಗುತ್ತದೆ.

ಒಂದು ಅಂಕ ಕಳೆದದ್ದು ಪುಡಿಗೆ. ಜರಡಿ ಹಿಡಿದರೆ ಕಿಲೋಗೆ ಹತ್ತಿರಹತ್ತಿರ 150 ಗ್ರಾಂ ಹಿಟ್ಟು ಇಳಿಯಿತು. ಇನ್ನರ್ಧ ಕಳೆದದ್ದು ಪೊಟ್ಟಣದ ಮೇಲಿನ ಸಲಹೆಗೆ. "ಎಲ್ಲಾ ವಯಸ್ಸಿನ ಕೋಳಿಗಳ ಮೇವಿಗೆ ಬೆರೆಸಿ" ಅಂತ ಬರೆದಿದ್ದಾರೆ. ದಯವಿಟ್ಟು ಬೆರೆಸಬೇಡಿ. ಮರಿಗಳಿಗೆ ಇಷ್ಟೊಂದು ಕ್ಯಾಲ್ಸಿಯಂ ಹೋದರೆ ಕಿಡ್ನಿ ಕೆಡುತ್ತದೆ. ಮೊಟ್ಟೆಗೆ ಬಂದ ಕೋಳಿಗೆ ಮಾತ್ರ, ಅದೂ ಬೇರೆ ಪಾತ್ರೆಯಲ್ಲಿ.

ಮೂರು ವಾರ ಆಯಿತು. ಸಿಪ್ಪೆಯಿಲ್ಲದ ಮೊಟ್ಟೆ ಮತ್ತೆ ಸಿಕ್ಕಿಲ್ಲ, ಬಾಣಲೆ ಅಂಚಿಗೆ ತಟ್ಟಿದರೆ ಸದ್ದೇ ಬೇರೆ. ಆದರೆ ಫೀಡ್ ಬದಲಾಗಿದೆ, ಹ್ಯಾಟೆಗಳೂ ಬಲಿತಿವೆ, ಹಾಗಾಗಿ ಪೂರ್ತಿ ಹೆಸರು ಗ್ರಿಟ್ಟಿಗೇ ಕೊಡಲಾರೆ. ಒಂದು ಹ್ಯಾಟೆ ಈಗಲೂ ಉಪ್ಪು ಉದುರಿಸಿದ ಮೊಟ್ಟೆಯನ್ನೇ ಇಡುತ್ತದೆ. ತಮಾಷೆ ಏನೆಂದರೆ ಆ ಕಾಳುಗಳು ಕ್ಯಾಲ್ಸಿಯಂ ಕಡಿಮೆಯಾಗಿ ಬಂದದ್ದಲ್ಲ, ಸಿಪ್ಪೆಯ ಮೇಲೆ ಹೆಚ್ಚಾಗಿ ಕೂತದ್ದು. ತಿನ್ನಲು ಏನೂ ತೊಂದರೆ ಇಲ್ಲ. ಮಗಳು ಅದನ್ನೇ ಆರಿಸಿಕೊಳ್ಳುತ್ತಾಳೆ.

ಮುಂದಿನ ಸಲ 5 ಕಿಲೋ ಚೀಲ ತರುತ್ತೇನೆ. ಜೊತೆಗೆ ಒಂದು ಜರಡಿ. ಅಡುಗೆಮನೆಯದನ್ನು ಕೋಳಿಗೂಡಿಗೆ ಒಯ್ದದ್ದನ್ನು ಅತ್ತೆ ಇನ್ನೂ ಮರೆತಿಲ್ಲ.